ಸಮುದ್ರ ಎದ್ದುಹೋದ ಊರು

ಸೇತುವೆ ಎತ್ತುವ ಕೆಲಸ ಇಮ್ಕ್ಯಳದು.
ದೋಣಿ ಬಂದರೆ ಗಂಟೆ ಬಾರಿಸಿ
ರಸ್ತೆಯನ್ನೇ ಆಕಾಶಕ್ಕೆ ನಿಲ್ಲಿಸಿ
ಗಾಳದ ಕೋಲಿನ ತುದಿಗೆ ಮರದ ಪಾದರಕ್ಷೆ ಕಟ್ಟಿ
ಇಳಿಬಿಡುತ್ತಾಳೆ, ಸುಂಕಕ್ಕೆ.
ಎರಡು ಯೂರೋ ಬೀಳುತ್ತದೆ. ಒಮ್ಮೊಮ್ಮೆ ಅಂಗಿಯ ಗುಂಡಿ.
ಒಂದು ಸಲ ಯಾವುದೋ ಮಗುವಿನ ಹಾಲುಹಲ್ಲು.

ಸೈಕಲ್ ಹಿಡಿದು ಕಾಯುತ್ತ ನಿಂತವನು ನಾನು,
ಊರಿನ ಕಥೆ ಕೇಳಿದೆ.
‘ಸಗಣಿಯಿಂದ ಶುರು ಮಾಡಬೇಕು’ ಅಂದಳು.

ನಗಬೇಡ.
ದಿನಕ್ಕೆರಡು ಹೊತ್ತು ಏರಿಬರುವ ನೀರಿನೆದುರು
ಸಗಣಿ, ಜೇಡಿ, ಒಡೆದ ಮಡಕೆ, ಸತ್ತ ಹಸುವಿನ ಎಲುಬು
ತಲೆಮಾರಿಗೊಂದು ಮೊಳದಂತೆ ಪೇರಿಸಿ
ದಿಬ್ಬ ಕಟ್ಟಿದರು. ದಿಬ್ಬದ ಮೇಲೆ ಹುಲ್ಲಿನ ಮಾಡು,
ಮಾಡಿನ ಕೆಳಗೆ ಹಸು,
ಹಸುವಿನ ಬಿಸಿಯಲ್ಲಿ ಮನುಷ್ಯರು.

ಆಗ ಸಮುದ್ರ ಊರಬಾಗಿಲಿಗೇ ಬರುತ್ತಿತ್ತು
ಉಪ್ಪು, ಉಣ್ಣೆ, ದೂರದ ದ್ರಾಕ್ಷಾರಸ ಹೊತ್ತು,
ಕೈ ಬೀಸಿಕೊಂಡು ಬಾರದ ನೆಂಟನ ಹಾಗೆ.
ಆಮೇಲೆ ಕೊಲ್ಲಿಯಲ್ಲಿ ಹೂಳು ಸೇರಿತು.
ಜಗಳವಿಲ್ಲ, ಬಿರುಗಾಳಿಯಿಲ್ಲ,
ಹೇಳದೆ ಕೇಳದೆ ಎದ್ದುಹೋಯಿತು,
ತೊಳೆಯದ ತಟ್ಟೆಯಂಥ ಕೆಸರು ಬಿಟ್ಟು.
ಮಠದ ಸನ್ಯಾಸಿಗಳು ಸೊಂಟಕ್ಕೆ ನಿಲುವಂಗಿ ಸಿಕ್ಕಿಸಿ
ಏರಿ ಕಟ್ಟಿದರು. ಮೀನು ಮೇಯುತ್ತಿದ್ದಲ್ಲಿ ಕರು ಮೇಯ್ದವು.
ನನ್ನಜ್ಜ ಆ ಕಡೆ ಹೊಲಕ್ಕೆ ಹೊರಟರೆ ಈಗಲೂ
‘ನೀರಿಗಿಳಿದು ಬರ್ತೀನಿ’ ಅಂತಿದ್ದ.

ನೆಂಟ ಹೋದ ಮೇಲೆ ಜಂಬ ಉಳಿಯಿತು.
ಪಕ್ಕದ ಊರಿನದಕ್ಕಿಂತ ಎತ್ತರದ ಗೋಪುರ ಬೇಕು.
ಆದರೆ ಅರ್ಧ ಪಾದ ದಿಬ್ಬದ ಮೇಲೆ,
ಅರ್ಧ ಪಾದ ಹಳೆಯ ಸಮುದ್ರದ ಮೇಲೆ.
ಗೇರ್ಲೋಫ್ ಎಂಬ ಗಾರೆಯವನು
ತೂಗುಗುಂಡು ಇಳಿಬಿಟ್ಟು ನೋಡಿ ಬೆವರೊರೆಸಿಕೊಂಡನಂತೆ.
ಕೆಳಗೆ ವಾಲಿದ್ದನ್ನು ಮೇಲೆ ತಿದ್ದಲು ಹೋಗಿ
ಗೋಪುರ ಕತ್ತಿಯಂತೆ ಬಾಗಿತು. ಅಲ್ಲಿಗೇ ನಿಲ್ಲಿಸಿದರು.
ನೂರಾರು ವರ್ಷದಿಂದ ಮುಗಿಯದೆ ನಿಂತಿದೆ,
ಮಾತಿನ ನಡುವೆ ಏನೋ ಮರೆತವನ ಹಾಗೆ.

ಹೆಸರಿನದೂ ಅದೇ ಪಾಡು.
ಕಾಗದದಲ್ಲಿ ಲೇವಾರ್ಡನ್, ಅಮ್ಮನ ಬಾಯಲ್ಲಿ ಲ್ಯೌವರ್ಟ್,
ಹಳೆಯ ಕಡತಗಳಲ್ಲಿ
ಗುಮಾಸ್ತನಿಗೊಂದು ಕಾಗುಣಿತ.

ತೂಕದ ಮನೆಯಲ್ಲಿ ಬೆಣ್ಣೆಯ ಪೀಪಾಯಿ ಏರಿ ಇಳಿದ ಕಾಲ.
ಫೂಕ್ಯ ಎಂಬವಳು ಪೀಪಾಯಿಯ ತಳದಲ್ಲಿ ಬೆಣಚುಕಲ್ಲಿಟ್ಟಳು.
ಸಿಕ್ಕಿಬಿದ್ದಳು.
ಬೆಣ್ಣೆಯಿಂದ ಕೂದಲು ತೆಗೆದಂತೆ
ಅವಳನ್ನು ಊರಿನಿಂದ ತೆಗೆದರು.
ತೆಗೆದವರ ತಕ್ಕಡಿಯ ಕಲ್ಲುಗಳನ್ನು
ಯಾರೂ ತೂಗಿ ನೋಡಲಿಲ್ಲ.

ಈ ನೀರಿನಾಚೆ ಕೆಂಪು ಇಟ್ಟಿಗೆಯ ಸೆರೆಮನೆ.
ಅದಕ್ಕೂ ಮುಂಚೆ ಕೋಟೆ, ಈಗ ಗ್ರಂಥಾಲಯ.
ಕಂಬಿ ಹಾಗೇ ಇವೆ. ಮಕ್ಕಳು ಅಲ್ಲಿ ಪಿಸುಗುಟ್ಟುತ್ತ ಓದುತ್ತಾರೆ.
ಪಿಸುಗುಟ್ಟುವುದು ಆ ಗೋಡೆಗಳಿಗೆ ಹೊಸದಲ್ಲ.

ನನ್ನಜ್ಜಿಯ ಬೆಂಚಿನಲ್ಲಿ ರೊಸೆಟ್ಟ ಕೂರುತ್ತಿದ್ದಳು.
ಯುದ್ಧದ ಎರಡನೇ ವರ್ಷ ಅವಳನ್ನು
ಬೇರೆ ಶಾಲೆಗೆ ಹಾಕಿದರು, ಅವಳಂಥವರಿಗೆ ಮಾತ್ರ ಇದ್ದದ್ದು.
ಮರುವರ್ಷ ಆ ಶಾಲೆಯಲ್ಲಿ
ಹಾಜರಿ ಕೂಗುವ ಅಗತ್ಯ ಬೀಳಲಿಲ್ಲ.
ಅಜ್ಜಿ ಸಾಯುವವರೆಗೂ
ಬೆಂಚಿನ ಎಡ ತುದಿಗೇ ಕೂರುತ್ತಿದ್ದಳು,
ಚರ್ಚಿನಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಮಂಚದ ಮೇಲೂ.

ಇಮ್ಕ್ಯ ಮೂಗೊರೆಸಿಕೊಂಡು ಮಾತು ಬದಲಿಸಿದಳು:

ಸ್ಟೇಷನ್ ಕಡೆ ಕಂಚಿನ ಹಸು ನೋಡಿದ್ದೀಯಲ್ಲ?
ನಾವು ಕರೆಯುವುದು ನಮ್ಮಮ್ಮ ಅಂತ.
ಬೇರೆ ಊರುಗಳಲ್ಲಿ ಕುದುರೆ, ಅದರ ಮೇಲೆ ದಳಪತಿ, ಕೈಯಲ್ಲಿ ಖಡ್ಗ.
ಇಲ್ಲಿ ಸವಾರನೇ ಇಲ್ಲ. ಕೆಚ್ಚಲಿದೆ, ಸಾಕು.

ಹಿಂದೆ ಕಾಲುವೆಗಳು ಹೆಪ್ಪುಗಟ್ಟುತ್ತಿದ್ದವು,
ಹನ್ನೊಂದು ಊರು ಸುತ್ತಿ, ಮೀಸೆಯಲ್ಲಿ ಹಿಮ ಹೊತ್ತು
ಜಾರುತ್ತ ಬರುತ್ತಿದ್ದರು ಗಂಡಸರು.
ಅಪ್ಪನ ಸ್ಕೇಟು ಅಟ್ಟದಲ್ಲಿದೆ. ವರ್ಷಕ್ಕೊಮ್ಮೆ ಎಣ್ಣೆ ಸವರುತ್ತೇನೆ.
ಚಳಿಗಾಲವೂ ಸಮುದ್ರದ ಜಾತಿಯದೇ.
ಹೋಗುತ್ತೇನೆ ಅಂತ ಹೇಳಲಿಲ್ಲ.

‘ಮತ್ತೆ ಸಮುದ್ರ?’ ಅಂದೆ, ‘ವಾಪಸು ಬರುತ್ತದಂತಲ್ಲ?’

ಅಷ್ಟರಲ್ಲಿ ಹಾರನ್. ದೋಣಿ.
ಗಂಟೆ ಬಾರಿಸಿದಳು, ರಸ್ತೆ ಎದ್ದು ನಿಂತಿತು.
ಕೋಲು ನನ್ನ ಕೈಗಿತ್ತಳು. ನಾನು ಹೊಸಬ,
ಪಾದರಕ್ಷೆ ದೋಣಿಗೆ ತಪ್ಪಿ ನೀರಿಗದ್ದಿತು.
ದುಡ್ಡಿಲ್ಲ, ಒಂದು ಗುಟುಕು ಕಾಲುವೆ.
ಬೆರಳದ್ದಿ ನಾಲಿಗೆಗಿಟ್ಟುಕೊಂಡಳು ಇಮ್ಕ್ಯ,
ಬಹಳ ಹೊತ್ತು ಯೋಚಿಸಿ ಅಂದಳು:
‘ಇವತ್ತಿಗೆ ಸಿಹಿನೀರೇ.’