ಹಗ್ಗ ಮುಟ್ಟಿದವರ ಪಾಲು

ಅರಗಾ ಗೇಟಿನಲ್ಲಿ ಪಾಸು ತೋರಿಸುತ್ತೇನೆ.
ಹೆಸರು: ವತ್ಸಲಾ ತಾಂಡೇಲ. ಉದ್ದೇಶ: ಪಾಠ.
ಯಾವ ಪಾಠ ಎಂದು ಬರೆಯಲು ಆ ದಪ್ಪ ಪುಸ್ತಕದಲ್ಲಿ ಜಾಗವಿಲ್ಲ.
ಇದ್ದಿದ್ದರೆ ಪಹರೆಯ ಹುಡುಗ ನಗುತ್ತಿದ್ದನೇನೋ:
ಯುದ್ಧ ಮತ್ತು ನೀತಿ,
ಒಂದೇ ದೋಣಿಯಲ್ಲಿ ಬೆಕ್ಕು, ಬಂಗಡೆ.

ಇಪ್ಪತ್ತೆರಡು ವರ್ಷ.
ನಾನು ಹಾಜರಿ ಕರೆಯುವ ಕೋಣೆ
ಸುಮಾರು ನನ್ನ ಅಜ್ಜಿ ಮೀನು ಒಣಗಿಸುತ್ತಿದ್ದಲ್ಲಿದೆ.
ಸುಮಾರು ಅಂದೆ. ಬಾವಿ ಮುಚ್ಚಿದ ಮೇಲೆ
ಅಳತೆಗೆ ಉಳಿದದ್ದು ಗುಡ್ಡ ಒಂದೇ,
ಗುಡ್ಡ ಸಾಕ್ಷಿ ಹೇಳುವುದಿಲ್ಲ.

ಮೊದಲ ತಿಂಗಳು ಸುಲಭ.
ಯಾರನ್ನು ಹೊಡೆಯಬಹುದು, ಯಾರನ್ನು ಕೂಡದು,
ಮುಳುಗುವವನು ಯಾವ ಕ್ಷಣದಿಂದ ಶತ್ರುವಲ್ಲ,
ಆಜ್ಞೆ ಎಲ್ಲಿಗೆ ಮುಗಿದು
ಕೈ ಎಲ್ಲಿಂದ ನಿನ್ನದೇ ಆಗುತ್ತದೆ.
ಬರೆದುಕೊಳ್ಳುತ್ತಾರೆ. ಚಂದದ ಅಕ್ಷರ.
ಇಸ್ತ್ರಿಯ ಬಿಳಿ ಅಂಗಿಗಳ ಮೇಲೆ ಕಿಟಕಿಯ ಬಿಸಿಲು.

ಆಮೇಲೆ ಬಾಹ್ಯಾಕಾಶ.
ಬೋರ್ಡಿನ ಮೇಲೆ ಒಂದು ಸೊನ್ನೆ: ಭೂಮಿ.
ಸುತ್ತ ಇನ್ನೊಂದು: ಕಕ್ಷೆ. ಅದರ ಮೇಲೊಂದು ಚುಕ್ಕೆ.
ಈ ಚುಕ್ಕೆ ಶತ್ರುವಿನ ಕ್ಷಿಪಣಿಗೆ ದಾರಿ ತೋರಿಸುತ್ತಿದೆ.
ಇದೇ ಚುಕ್ಕೆ ಮುದಗಾದ ದೋಣಿಗೆ
ಕತ್ತಲಲ್ಲಿ ದಡ ಎಲ್ಲಿ ಎಂದು ಹೇಳುತ್ತಿದೆ.
ಹೊಡೆಯುತ್ತೀರೋ, ಬಿಡುತ್ತೀರೋ?

ಹೋದ ಮಂಗಳವಾರ ಲೆಫ್ಟಿನೆಂಟ್ ಸೈಕಿಯಾ ಎದ್ದು ನಿಂತ.
'ಅಲ್ಲಿ ಜನ ಇಲ್ಲವಲ್ಲ ಮೇಡಂ.
ರಕ್ತ ಬೀಳುವುದಿಲ್ಲ. ಖಾಲಿ ಜಾಗ.'

ಖಾಲಿ.
ಆ ಪದ ನನಗೆ ಹಳೆಯ ಪರಿಚಯ.
ನಮ್ಮ ತೆಂಗಿನ ಮರ ಎಣಿಸಿದ್ದರು, ಮರಕ್ಕೆ ಇಷ್ಟು ಎಂದು.
ಬಲೆ ಹರವುವ ಮರಳು ಯಾರ ಹೆಸರಲ್ಲೂ ಇರಲಿಲ್ಲ,
ಹಾಗಾಗಿ ಲೆಕ್ಕದಲ್ಲೂ ಇರಲಿಲ್ಲ.

ಇದನ್ನು ಅವನಿಗೆ ಹೇಳಲಿಲ್ಲ.
ಸಂಬಳದ ಋಣ ಒಂದು.
ಇನ್ನೊಂದು, ಒಪ್ಪಿಕೊಳ್ಳಬೇಕು,
ನನಗೆ ಹಡಗುಗಳೆಂದರೆ ಇಷ್ಟ.
ಬೆಳಗಿನ ಮಂಜು ಸೀಳಿ ಬೂದು ಮೂತಿಯೊಂದು ಹೊರಬಂದರೆ
ನನ್ನ ಎದೆಯೂ ಸ್ವಲ್ಪ ಉಬ್ಬುತ್ತದೆ.

ಬದಲಿಗೆ ರಂಪಣಿಯ ಸುದ್ದಿ ತೆಗೆದೆ.
ಬಲೆ ಎಳೆಯುವಾಗ ದಾರಿಹೋಕ ಬಂದು
ಹಗ್ಗಕ್ಕೆ ಕೈ ಹಚ್ಚಿದರೂ ಅವನಿಗೊಂದು ಪಾಲು.
ಹೆಸರು ಕೇಳುತ್ತಿರಲಿಲ್ಲ.
ಜಾತಿ ಕೇಳುತ್ತಿದ್ದರು, ಸುಳ್ಳೇಕೆ,
ಕೇಳಿಯೂ ಪಾಲು ಕೊಡುತ್ತಿದ್ದರು.
ಬಸುರಿಗೆ ಒಂದು ಹಿಡಿ ಹೆಚ್ಚು, ಒಳಗಿದ್ದವನದು.

ಮತ್ತೆ, ಹರಿದು ತೇಲಿಹೋದ ನೈಲಾನ್ ಬಲೆ
ಒಡೆಯನಿಲ್ಲದೆ, ಹಸಿವಿಲ್ಲದೆ
ವರ್ಷಗಟ್ಟಲೆ ಮೀನು ಹಿಡಿಯುತ್ತಲೇ ಇರುತ್ತದೆ.
ನೀವು ಒಡೆದ ಚುಕ್ಕೆಯ ಚೂರುಗಳೂ ಹಾಗೇ,
ಯುದ್ಧ ಮುಗಿದದ್ದು ಅವಕ್ಕೆ ಯಾರು ಹೇಳಬೇಕು?

'ಮೇಡಂ, ಇದು ಪರೀಕ್ಷೆಗೆ ಬರುತ್ತದೆಯೇ?'
ಹಿಂದಿನ ಸಾಲಿನಲ್ಲಿ ನಗು.
ಬರುತ್ತದೆ ಅಂದೆ. ಹತ್ತು ಅಂಕ.
ಚಂದ್ರನ ಮೇಲಿನ ನೀರಿಗೆ ಹಗ್ಗ ಯಾವುದು?
ಇನ್ನೂ ಹುಟ್ಟದವನ ಪಾಲು ಯಾರ ಬುಟ್ಟಿಯಲ್ಲಿ?

ಸಂಜೆ ಬೈತಖೋಲದ ಧಕ್ಕೆಯಲ್ಲಿ ತಮ್ಮ ಗುರುದಾಸ
ಒಡೆದ ಗಾಜಿನ ಜಿಪಿಎಸ್ ಅಂಗಿಗೆ ಒರೆಸುತ್ತ ಕೇಳಿದ:
ಇವತ್ತು ಏನು ಕಲಿಸಿದೆ ಬಾಯ್?
ಹೇಳಿದೆ. ಪೂರ್ತಿ ಕೇಳಿದ. ಬೀಡಿ ಹಚ್ಚಿದ.
'ಹೊಡೆಯುವುದಾದರೆ ಹೊಡೆಯಲಿ.
ಮೊದಲು ನನಗೊಂದು ಫೋನ್ ಮಾಡು ಅನ್ನು,
ದಡ ಸೇರಿಕೊಳ್ಳುತ್ತೇನೆ.'

ರಾತ್ರಿ ಉತ್ತರ ಪತ್ರಿಕೆಗಳು.
ಮಾರ್ಚಿಗೆ ನನ್ನ ನಿವೃತ್ತಿ, ಇದೇ ಕೊನೆಯ ಕಟ್ಟು.
ದೇವಗಡದ ದೀಪ ಗೋಡೆ ಒರೆಸಿ ಹೋಗುತ್ತದೆ,
ಯಾರ ದೋಣಿ ಎಂದು ಅದು ಕೇಳಿದ್ದಿಲ್ಲ.
ಸೈಕಿಯಾ ಎರಡೇ ಸಾಲು ಬರೆದಿದ್ದಾನೆ:
ನಾನು ಹೊಡೆಯುತ್ತೇನೆ.
ಆದರೆ ಖಾಲಿ ಎಂದು ವರದಿಯಲ್ಲಿ ಬರೆಯುವುದಿಲ್ಲ.

ಹತ್ತಕ್ಕೆ ಎಷ್ಟು ಕೊಡಲಿ?
ಏಳು ಎಂದು ಬರೆದೆ. ಹೊಡೆದು ಹಾಕಿದೆ.
ಎಷ್ಟು ಸಲೀಸು ಈ ಕೈಗೂ,
ಆ ಕ್ರಿಯಾಪದ.