ಕಾಣೆ

ಅಕ್ಕಿ ಡಬ್ಬಿ ಬೋರಲು ಹಾಕಿದೆ.
ದೇವರ ಫೋಟೋದ ಹಿಂದೆ ಕೈ ತೂರಿಸಿದೆ,
ಎರಡು ಹಲ್ಲಿ ಮೊಟ್ಟೆ, ಹೋದ ವರ್ಷದ ಕರೆಂಟ್ ಬಿಲ್ಲು.
ಅಟ್ಟದ ಸೂಟ್‌ಕೇಸಿನೊಳಗೆ ಇನ್ನೊಂದು ಸೂಟ್‌ಕೇಸು,
ಅದರೊಳಗೆ ನನ್ನ ಮದುವೆಯ ಚಪ್ಪಲಿ, ಒಂದೇ.
ಸಿಕ್ಕಿದ್ದೆಲ್ಲ ಯಾವತ್ತೋ ಕಳೆದದ್ದು.
ಈಗ ಕಳೆದದ್ದು ಮಾತ್ರ ಸಿಗಲಿಲ್ಲ.

ರೋಹಿದಾಸ ಅಂಗಳದಲ್ಲಿ ನಿಂತು
ತನ್ನ ಜೇಬನ್ನೇ ಹತ್ತನೇ ಸಲ ತಟ್ಟುತ್ತಿದ್ದ,
ನಿದ್ದೆ ಬಾರದ ಮಗುವನ್ನು ತಟ್ಟಿದ ಹಾಗೆ.
ಹದಿನೇಳು ದಿನಕ್ಕೆ ಫುಜೈರಾದಲ್ಲಿ ಹಡಗು ಹತ್ತಬೇಕು.
ಅಲ್ಲಿ ಇಪ್ಪತ್ತೆರಡು ಜನಕ್ಕೆ ಬೇಯಿಸಿ ಹಾಕುವವನು
ಇಲ್ಲಿ ಬೆಂಕಿಪೊಟ್ಟಣ ಎಲ್ಲಿದೆ ಅಂತ ಕೇಳುತ್ತಾನೆ.
ಅಂಥವನ ಕೈಗೆ ಪಾಸ್‌ಪೋರ್ಟು ಕೊಟ್ಟ
ಸರಕಾರವನ್ನು ಅನ್ನಬೇಕು.

ಸ್ಟೇಷನ್ನಿನಲ್ಲಿ ಹೆಡ್ ಕಾನ್‌ಸ್ಟೇಬಲ್ ದೇವಾಡಿಗರು,
ಕುಂದಾಪುರದ ಕಡೆಯವರು.
"ಎಲ್ಲಿ ಕಳ್ಕಂಡದ್ದ್ ಮಾರಾಯ್ರೆ?"
ಎಲ್ಲಿ ಅಂತ ಗೊತ್ತಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆವು, ಅಂದೆ.
"ಹಾಂಗಲ್ಲ, ಜಾಗ ಬರೀದೆ ಕಂಪ್ಲೇಂಟ್ ಆತಿಲ್ಲೆ."
ಕೊನೆಗೆ ನಾವೇ ಒಂದು ಜಾಗ ಆರಿಸಿದೆವು,
ಸೈಟು ಕೊಳ್ಳುವವರ ಹಾಗೆ ಯೋಚಿಸಿ:
ಕೋಡಿಬಾಗದಿಂದ ಕಾಳಿ ಸೇತುವೆಗೆ ಹೋಗುವ ದಾರಿ, ಸಂಜೆ ಸುಮಾರು ಆರಕ್ಕೆ.
ಅವರು ಬರೆದರು: ಪಾಸ್‌ಪೋರ್ಟ್ ಕಾಣೆ.

ನನಗೆ ನಗು ಬಂತು.
ಬೈತಖೋಲದ ಐಸ್ ಪ್ಲಾಂಟಿನಲ್ಲಿ
ಹದಿನಾಲ್ಕು ವರ್ಷ ಮೀನು ಆರಿಸಿದವಳು ನಾನು.
ನಮ್ಮ ನೊಗಲಿಗೆ ನಿಮ್ಮ ಕಡೆ ಕಾಣೆ ಅನ್ನುತ್ತಾರಲ್ಲ ಸಾಹೇಬರೆ,
ಬುಟ್ಟಿ ತುಂಬ ಕಣ್ಣೆದುರೇ ಬಿದ್ದಿದ್ದರೂ ಕಾಣೆ.
ದೇವಾಡಿಗರೂ ನಕ್ಕರು. ಸೀಲು ಒತ್ತುತ್ತ ಕೇಳಿದರು,
"ಕೇಜಿಗೆ ಎಷ್ಟ್ ಈಗ?"

ಸೇತುವೆ ದಾಟಿದರೆ ಅರ್ಧ ತಾಸಿಗೆ ಗೋವಾ.
ನಮ್ಮ ಕಾಗದ ಮಾತ್ರ ಗಟ್ಟ ಹತ್ತಬೇಕು,
ಹುಬ್ಬಳ್ಳಿಯಲ್ಲಿ ಟೋಕನ್ ಹಿಡಿದು ಕೂರಬೇಕು.
ಸಮುದ್ರಕ್ಕೆ ಹೋಗಲು ಸಮುದ್ರಕ್ಕೆ ಬೆನ್ನು ಹಾಕಿ
ಐದು ತಾಸು ಬಸ್ಸು.
ಎಂಥ ಅಲೆಗೂ ಜಗ್ಗದವನು
ಅರಬೈಲಿನ ತಿರುವಿಗೆ ಸೋತ,
ಕಿಟಕಿಗೆ ತಲೆಯಾನಿಸಿ ನಿಂಬೆಹಣ್ಣು ಮೂಸುತ್ತಿದ್ದ.

ಹದಿನೇಳು ಹದಿಮೂರಾಯಿತು, ಆರಾಯಿತು.
ಮುಂಬಯಿಯ ಏಜೆಂಟ ಫೋನು ಮಾಡಿದ:
ನಿನ್ನ ಜಾಗಕ್ಕೆ ರತ್ನಾಗಿರಿಯವನೊಬ್ಬ ಹೋದ.
ಆ ರಾತ್ರಿ ರೋಹಿದಾಸ ಯಾರಿಗೂ ಹೇಳದೆ
ಇಪ್ಪತ್ತೆರಡು ಜನಕ್ಕಾಗುವಷ್ಟು ಬಾಂಗಡೆ ಸಾರು ಮಾಡಿದ.
ಕೇರಿಗೆಲ್ಲ ಹಂಚಿದೆವು.

ಹೊಸದು ಬಂದದ್ದು ಮಂಗಳವಾರ, ಅಂಚೆಯಲ್ಲಿ.
ಪುಟ ಮಗುಚಿದೆ, ಖಾಲಿ.
ಇನ್ನೊಂದು, ಖಾಲಿ.
ಡರ್ಬನ್ ಇಲ್ಲ, ಕೊಲಂಬೊ ಇಲ್ಲ,
ಬೆರಳಿಗೆ ಹೊಸ ಅಂಟಿನ ವಾಸನೆ.
ಇದರ ಪ್ರಕಾರ ನೀನು ಎಲ್ಲಿಗೂ ಹೋಗಿಯೇ ಇಲ್ಲ, ಅಂದೆ,
ಹನ್ನೊಂದು ವರ್ಷ ಮನೆಯಲ್ಲೇ ಇದ್ದೆ.
ತಮಾಷೆಗೇ ಅಂದದ್ದು. ಅವನು ನಗಲಿಲ್ಲ.
ಮಗಳು ಮೂಲೆಯಲ್ಲಿ ಕೂತು ಭಾಗಾಕಾರ ಮಾಡುತ್ತಿದ್ದಳು.

ನವರಾತ್ರಿ ಕಳೆದು ಹೋದ, ಬೇರೆ ಹಡಗು.

ಡಿಸೆಂಬರಿನಲ್ಲಿ ಅವನ ರೇನ್‌ಕೋಟು ಬಿಸಿಲಿಗೆ ಹಾಕುವಾಗ
ಒಳಜೇಬಿನಲ್ಲಿ ಗಟ್ಟಿಯಾಗಿ ಏನೋ.
ಬೂಷ್ಟು ಹಿಡಿದು ಅಂಚು ಉಬ್ಬಿತ್ತು.
ಸಿಕ್ಕರೆ ತಂದು ಒಪ್ಪಿಸುತ್ತೇವೆ ಅಂತ ಸಹಿ ಹಾಕಿದ್ದೇವೆ.
ಒಪ್ಪಿಸುತ್ತೇನೆ, ನಾಳೆ.

ರಾತ್ರಿ ಮುದ್ರೆಗಳ ಮೇಲೆ ಬೆರಳಿಟ್ಟು ಓದಿದೆ.
ಡರ್ಬನ್, ಮಾರ್ಚ್ ಒಂಬತ್ತು: ಅತ್ತೆ ತೀರಿಕೊಂಡ ವಾರ.
ಕೊಲಂಬೊ: ಗಾಳಿಗೆ ಹಂಚು ಹಾರಿ
ಮಗಳೂ ನಾನೂ ಮಂಚದಡಿ ಮಲಗಿದ್ದು.
ಸಿಂಗಪುರದ್ದು ಮಸುಕು. ಆ ದಿನ ಇಲ್ಲಿ ಏನಾಯಿತು
ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.
ಏನೂ ಆಗದ ಒಂದು ದಿನ ಇದ್ದಿರಬೇಕು.

ಫೋನು ಬಂತು, ಎಲ್ಲಿಯದೋ ಬಂದರು, ಹಿಂದೆ ಕ್ರೇನಿನ ಸದ್ದು.
ಊಟ ಆಯಿತಾ, ಮಗಳ ಕೆಮ್ಮು ಹೇಗಿದೆ,
ಆಮೇಲೆ ಸುಮ್ಮನೆ ಕೇಳಿದ,
ಹಳೆಯದು ಎಲ್ಲಾದರೂ ಕಂಡೆಯಾ?

ಮಡಿಲಲ್ಲಿತ್ತು, ತೆರೆದೇ.

ಕಾಣೆ, ಅಂದೆ.