ಚದರ ಅಡಿ ಲೆಕ್ಕ

ಚದರ ಅಡಿಗೆ ಹನ್ನೊಂದು ರೂಪಾಯಿ.
ಐವತ್ತು ಪೀಸಿನ ಮ್ಯಾಲಾದ್ರ ಒಂಬತ್ತೂವರಿ.
ವಿಮಾನಕ್ಕ, ತೋಪಿಗೆ, ಬೆಂಕಿಗೆ
ಬ್ಯಾರೆ ರೇಟಿಲ್ಲ.

ಗದಗಿನ ಮುಳಗುಂದ ನಾಕಾದಾಗ ಫ್ಲೆಕ್ಸ್ ಅಂಗಡಿ.
ಡಿಸೈನ್ ಮಾಡಾಂವ ನಾನು, ದಾದಾಪೀರ ನದಾಫ.
ಹೋದ ಎಲೆಕ್ಷನ್‌ಗೆ ಸಾಹೇಬ್ರು ಕೈ ಮುಗದು ನಿಂತಿದ್ರು,
ಹಿಂದ ಒಂದು ಕೆರಿ, ಹೊಸಾ ರಸ್ತಾ.
ಈ ಸಲ, ‘ಕೆರಿ ತಗಿ, ಗಡಿ ಹಾಕು’ ಅಂದ್ರು.

ಹಾಕಿದೆ.
ಹೆಗಲ ಮ್ಯಾಲ ಮೂರು ಯುದ್ಧವಿಮಾನ.
‘ಸಣ್ಣಾದುವಲ್ಲೋ’ ಅಂದ ಏಜೆಂಟ ಶಿವಪುತ್ರ ಗುಜಮಾಗಡಿ.
ಹಿಗ್ಗಿಸಿದೆ. ಚುಕ್ಕಿ ಚುಕ್ಕಿ ಒಡದು ಕಂಡ್ವು.
‘ಇರ್ಲಿ ಬಿಡು, ದೂರಿಂದ ನೋಡಾವ್ರಿಗೆ ಏನ್ ತಿಳೀತೈತಿ.’

ಅವರು ಬರಕೊಂಡು ಬಂದ ಘೋಷಣಾದಾಗ
ಶತ್ರುವಿಗೆ ಕೊಂಬ ಇರಲಿಲ್ಲ.
ನಾನ ಹಚ್ಚಿದೆ.
‘ನೀ ತಿದ್ದಿದ್ದು ಚಲೋ ಆತು ನೋಡು’ ಅಂದು
ಶಿವಪುತ್ರ ನಕ್ಕ. ನಾನೂ ನಕ್ಕೆ,
ಅಡ್ವಾನ್ಸ್ ಇನ್ನೂ ಬರೂದಿತ್ತು.

ಹಿನ್ನೆಲಿ ತಗಿಯೂದು ನನ್ನ ಕೈಗುಣ.
ಹಿಮದಾಗ ನಿಂತ ಸಿಪಾಯಿನ್ನ ಅಂಚು ಹಿಡದು ಕತ್ತರಿಸಿ
ನಮ್ಮ ಎರಿಹೊಲದಾಗ ನಿಲ್ಲಸ್ತೀನಿ.
ಎಷ್ಟು ಸೂಕ್ಷ್ಮ ಮಾಡಿದ್ರೂ
ಕಿವಿ ಸುತ್ತ ಒಂಚೂರು ಬಿಳಿ ಉಳೀತೈತಿ.

ಸಂಜಿಮುಂದ ನರೇಗಲ್ಲಿಂದ ಒಬ್ಬಾಕಿ ಬಂದ್ಲು,
ದಾಕ್ಷಾಯಿಣಿ ಅಸೂಟಿ, ಬಗಲಾಗ ಕೂಸು.
ನಾಕು ಬೈ ಮೂರು, ತೊಟ್ಟಿಲ ಕಾರ್ಯಕ್ರಮಕ್ಕ.
ಮೊಬೈಲ್ ಚಾಚಿದ್ಲು: ಗಂಡ, ಸಮವಸ್ತ್ರದಾಗ,
ಹಿಂದ ಬೋಳು ಗುಡ್ಡ.
‘ರಜಾ ರದ್ದಾತಂತ್ರಿ. ಎಂಟು ದಿನಾತು ಫೋನಿಲ್ಲ.
ತೊಟ್ಟಿಲ ಬಾಜೂಕ ನಿಲ್ಲಸ್ರಿ,
ಬಂದಾರ ಅನ್ನೂಹಂಗ.’

ಶಿವಪುತ್ರ ನನ್ನ ಕುರ್ಚಿ ಹಿಂದ ಬಗ್ಗಿದ.
‘ಭಾರಿ ಐತಿ ಫೋಟೋ! ಸಾಹೇಬ್ರ ಎಡಕ್ಕ ಹಾಕು.
ಗುಂಡಗ ಕತ್ತರಸು. ಕೆಳಗ ಒಂದು ದೀಪ.’

‘ಗುಂಡಗ ಬ್ಯಾಡ್ರಿ’ ಅಂದ್ಲು ಆಕಿ.
ದನಿ ಏರಸಲಿಲ್ಲ.
‘ಅವ್ರು ಅದಾರ್ರಿ.’

‘ಅಯ್ಯ ತಂಗಿ, ಗೌರವಕ್ಕ ಅಂದೆ...’
ಅವನ ಫೋನು ಹೊಡಕೊಂತು, ಹೊರಗ ಹೋದ.
ಎದುರಿನ ಚಹಾದಂಗಡಿ ಟಿವಿ
ಇವತ್ತೋ ನಾಳಿಗೋ ಅಂತಿತ್ತು.
ಗಿರಮಿಟ್ಟಿನ ಪೊಟ್ಟಣ ಹಿಡದಾಂವ ಒಬ್ಬ,
‘ಒಮ್ಮಿ ಆಗೇ ಹೋಗ್ಲಿ’ ಅಂದು
ಇನ್ನಷ್ಟು ಉಳ್ಳಾಗಡ್ಡಿ ಕೇಳಿದ.

ಮಷೀನಿನಾಗ ಸಾಹೇಬ್ರು ಅರ್ಧಾ ತಾಸಿನಿಂದ ಬರ್ತಾನ ಇದ್ರು,
ಮೂವತ್ತು ಬೈ ಇಪ್ಪತ್ತು.
ಅವರು ಮುಗಿದ ಮ್ಯಾಲ ಆಕಿ ಪಾಳಿ.
ಆಕಿ ಸ್ಟೂಲ್ ಮ್ಯಾಲ ಕುಂತು ಕೂಸಿಗೆ ಹಾಲು ಕುಡಿಸಿದ್ಲು.
ನಾನು ಗೋಡೆ ಕಡೆ ಮಾರಿ ಮಾಡಿ
ರಸೀದಿ ಬರದೆ: ಹನ್ನೆರಡು ಅಡಿ,
ನೂರಾ ಮೂವತ್ತೆರಡು.
ಎರಡು ರೂಪಾಯಿ ಬಿಟ್ಟೆ.

ಪ್ರಿಂಟು ತಲಿಯಿಂದ ಇಳೀತೈತಿ.
ಮೊದಲು ಟೊಪಗಿ ಬಂತು, ಆಮ್ಯಾಲ ಹುಬ್ಬು,
ಬಿಸಲಿಗೆ ಸಣ್ಣ ಮಾಡಿದ ಕಣ್ಣು,
ಮೂಗು, ಹೊಳ್ಳಿಮ್ಯಾಲಿನ ಮಚ್ಚಿ.
ಆಕಿ ಎದ್ದು ಬಂದು ನಿಂತ್ಲು.
ಗದ್ದ ಬಂತು. ಹೆಗಲು.
ಎದಿಮಟ ಬಂದಾನ,
ಕರೆಂಟ್ ಹೋತು.

ಕತ್ತಲಿ. ಕೂಸು ಅಳಲಿಲ್ಲ.
ಚಹಾದಂಗಡಿ ಟಿವಿನೂ ಬಂದಾಗಿ
ರಸ್ತಾ ಒಮ್ಮಿಗೆ ಥಣ್ಣಗಾತು.
ಬಳಿ ಸಪ್ಪಳ ಕೇಳಿ ತಿಳೀತು,
ಆಕಿ ಕೈ ಚಾಚ್ಯಾಳ.

‘ಮುಟ್ಟಬ್ಯಾಡ ತಂಗಿ’ ಅಂದೆ,
‘ಇನ್ನೂ ಹಸಿ ಐತಿ.’